ನಾಯಕರೆಲ್ಲರೂ ವೀರರೇ? : ಆನ್‌ಲೈನ್ ಪಾತ್ರಾಟಗಳಲ್ಲಿ ವೀರಭಾವದ ನೆಲೆ

ಕಥನವನ್ನು ಕೇಳುವ, ಓದುವ ಹಾಗೂ ನೋಡುವ ಕ್ರಮಗಳ ಕುರಿತು ನಮ್ಮ ಕಾವ್ಯಮೀಮಾಂಸೆಯೂ ಜಾನಪದ ಅಧ್ಯಯನವೂ ವಿಸ್ತಾರವಾಗಿ ಚಿಂತಿಸಿವೆ. ಕಥನವನ್ನು ಆಡುವ ಕ್ರಮವೊಂದು ಕಳೆದ ಸುಮಾರು ಐದು ದಶಕಗಳಲ್ಲಿ ರೂಪುಗೊಂಡಿದ್ದು, ಅದು ಸಾಹಿತ್ಯ ವಿಭಾಗಗಳ ಗಮನಕ್ಕೆ ಅಷ್ಟಾಗಿ ಬಂದಿಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ 'ಮಡ್' ಎಂಬ ಆಟವು ಬರಿಯ ಅಕ್ಷರಗಳಿಂದ ಕಟ್ಟಿದ ಲೋಕವಾಗಿತ್ತು. ಚಿತ್ರವಿಲ್ಲ, ಧ್ವನಿಯಿಲ್ಲ, ಆಟಗಾರನು ಓದಬೇಕು, ಬರೆಯಬೇಕು. ಅದರ ಸಂತತಿಯಾಗಿ 1997ರಲ್ಲಿ 'ಅಲ್ಟಿಮಾ ಆನ್‌ಲೈನ್', 1999ರಲ್ಲಿ 'ಎವರ್‌ಕ್ವೆಸ್ಟ್', 2004ರ ನವೆಂಬರಿನಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಬಂದವು. ಕೊನೆಯದಕ್ಕೆ 2010ರಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಚಂದಾದಾರರಿದ್ದರು. ಇಷ್ಟು ಜನ ಒಟ್ಟಾಗಿ ಪ್ರವೇಶಿಸುವ ಕಥನಲೋಕ ಹಿಂದೆ ಇರಲಿಲ್ಲ. ಈ ಆಟಗಳು ತಮ್ಮನ್ನು ಪ್ರವೇಶಿಸುವ ಪ್ರತಿಯೊಬ್ಬನಿಗೂ 'ನೀನೇ ಹೀರೋ' ಎಂಬ ಮಾತನ್ನು ಕೊಡುತ್ತವೆ. ಆ ಮಾತು ಅನುಭವದಲ್ಲಿ ನಿಜವಾಗುತ್ತದೆಯೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಈ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವುದರಿಂದ ಒಂದು ಅನುಕೂಲವಿದೆ. ಇಂಗ್ಲಿಷಿನ ಹೀರೋ ಎಂಬ ಪದ ಎರಡು ಅರ್ಥಗಳನ್ನು ಒಂದೇ ಚೀಲದಲ್ಲಿ ಹೊತ್ತಿದೆ: ಕಥೆಯ ಕೇಂದ್ರದಲ್ಲಿರುವವನು ಮತ್ತು ಶೌರ್ಯ ಮೆರೆದವನು. ನಾವು ಮೊದಲನೆಯವನನ್ನು ನಾಯಕ ಎನ್ನುತ್ತೇವೆ, ಎರಡನೆಯವನನ್ನು ವೀರ ಎನ್ನುತ್ತೇವೆ. ನಾಯಕತ್ವವನ್ನು ಕವಿ ಕೊಡುತ್ತಾನೆ. ವೀರತ್ವವನ್ನು ಊರು ಒಪ್ಪಬೇಕು. ನಮ್ಮ ನೆಲದ ವೀರಗಲ್ಲುಗಳಲ್ಲಿ ಸ್ಮರಣೆಗೊಂಡ ಅನೇಕರು ಯಾವ ಕಾವ್ಯಕ್ಕೂ ನಾಯಕರಾದವರಲ್ಲ. ತುರುಗೊಳ್ ಕಾಳಗದಲ್ಲಿ ಮಡಿದ ಸಾಮಾನ್ಯರು. ಅವರ ಕಲ್ಲನ್ನು ನೆಟ್ಟವರು ಉಳಿದವರು. ಆನ್‌ಲೈನ್ ಆಟಗಳ ಕುರಿತ ಚರ್ಚೆಯಲ್ಲಿ ಕಾಣುವ ಗೊಂದಲಕ್ಕೆ ಬಹುಮಟ್ಟಿಗೆ ಈ ಎರಡು ಅರ್ಥಗಳ ಬೆರಕೆಯೇ ಕಾರಣವೆಂದು ನನ್ನ ಅಭಿಪ್ರಾಯ.

ವಾರ್‌ಕ್ರಾಫ್ಟ್‌ನಲ್ಲಿ ಓರ್ಕ್ ಕುಲದ ಪಾತ್ರವನ್ನು ಆರಿಸಿಕೊಂಡವನಿಗೆ ಮೊದಮೊದಲು ಸಿಗುವ ಕೆಲಸಗಳಲ್ಲಿ ಒಂದು ಹತ್ತು ಹಂದಿಗಳನ್ನು ಕೊಲ್ಲುವುದು. ತಲೆಯ ಮೇಲೆ ಹಳದಿ ಬಣ್ಣದ ಆಶ್ಚರ್ಯಸೂಚಕ ಚಿಹ್ನೆಯನ್ನು ಹೊತ್ತ ಪಾತ್ರವೊಂದು ಈ ಆಜ್ಞೆಯನ್ನು ಕೊಡುತ್ತದೆ. ಕೊಂದು ಬಂದರೆ ಸಂಭಾವನೆಯುಂಟು. ಸತ್ತ ಹಂದಿ ಸ್ವಲ್ಪ ಹೊತ್ತಿನಲ್ಲೇ ಅದೇ ಸ್ಥಳದಲ್ಲಿ ಮತ್ತೆ ಹುಟ್ಟುತ್ತದೆ, ಏಕೆಂದರೆ ಹಿಂದೆ ಬರುವ ಆಟಗಾರನಿಗೂ ಅದು ಬೇಕು. ಕ್ರಿ.ಶ. 949-50ರ ಆತಕೂರು ಶಾಸನವನ್ನು ಬಲ್ಲವರಿಗೆ ಇಲ್ಲಿ ನಗು ಬರಬಹುದು. ಅಲ್ಲಿ ಕಾಳಿ ಎಂಬ ನಾಯಿ ಒಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು, ನಾಯಿಯ ನೆನಪಿಗೆ ಕಲ್ಲು ನಿಂತಿತು. ಹತ್ತು ಹಂದಿ ಕೊಂದ ಆಟಗಾರನಿಗೆ ದೊರೆಯದ್ದು ಒಂದೇ ಹಂದಿಯನ್ನು ಎದುರಿಸಿದ ನಾಯಿಗೆ ದೊರೆತಿದೆ. ಆ ಹಂದಿ ಮತ್ತೆ ಹುಟ್ಟಲಿಲ್ಲ, ನಾಯಿಯೂ ಹುಟ್ಟಲಿಲ್ಲ ಎಂಬುದೇ ವ್ಯತ್ಯಾಸ.

ಮೇಲಿನ ಹಂತಗಳಲ್ಲಿಯೂ ಸ್ಥಿತಿ ಬದಲಾಗುವುದಿಲ್ಲ. ಎಲ್ವಿನ್ ಅರಣ್ಯದ ಹಾಗರ್ ಎಂಬ ದುಷ್ಟನು ಎಷ್ಟು ಸಲ ಸತ್ತರೂ ತನ್ನ ದಿಣ್ಣೆಗೆ ಮರಳುತ್ತಾನೆ. ಅವನನ್ನು ಕೊಲ್ಲಲು ಆಟಗಾರರು ಸರದಿ ಕಾದದ್ದೂ ಉಂಟು. ರಾಕ್ಷಸವಧೆಗೆ ಸಾಲು ನಿಲ್ಲುವುದೆಂದರೆ ರೇಷನ್ ಅಂಗಡಿಯ ನೆನಪಾಗದೆ ಇರದು. ತಯಾರಕರಿಗೆ ಈ ದೋಷದ ಅರಿವಿರಲಿಲ್ಲವೆಂದಲ್ಲ. 2008ರ 'ರಾತ್ ಆಫ್ ದಿ ಲಿಚ್ ಕಿಂಗ್' ವಿಸ್ತರಣೆಯಲ್ಲಿ ಅವರು ಒಂದೇ ಸ್ಥಳ ಬೇರೆ ಬೇರೆ ಆಟಗಾರರಿಗೆ ಬೇರೆ ಬೇರೆಯಾಗಿ ಕಾಣುವ ತಂತ್ರವನ್ನು ವ್ಯಾಪಕವಾಗಿ ಬಳಸಿದರು. ನಾನು ಊರನ್ನು ಉಳಿಸಿದರೆ ನನ್ನ ಕಣ್ಣಿಗೆ ಅದು ಉಳಿದ ಊರು. ಇನ್ನೂ ಉಳಿಸದವನ ಕಣ್ಣಿಗೆ ಉರಿಯುತ್ತಿರುವ ಊರು. ಆದರೆ ಇದರಿಂದ ಮತ್ತೊಂದು ತೊಡಕು ಹುಟ್ಟಿತು. ನನ್ನ ಸಾಹಸದ ಫಲ ಇನ್ನೊಬ್ಬನಿಗೆ ಕಾಣದು, ಅಷ್ಟೇಕೆ, ಕೆಲವೊಮ್ಮೆ ಪಕ್ಕದಲ್ಲಿ ನಿಂತ ಗೆಳೆಯನಿಗೆ ನಾನೇ ಕಾಣದೆ ಹೋಗುತ್ತೇನೆ. ಎಲ್ಲರನ್ನೂ ನಾಯಕರಾಗಿಸುವ ಯತ್ನದಲ್ಲಿ ಸಾಕ್ಷಿಗಳು ಮಾಯವಾದರು.

2016ರ 'ಲೀಜನ್' ವಿಸ್ತರಣೆ ಇದನ್ನು ತುದಿಗೆ ಒಯ್ದಿತು. ವಾರ್‌ಕ್ರಾಫ್ಟ್‌ನ ಪುರಾಣದಲ್ಲಿ 'ಆಶ್‌ಬ್ರಿಂಗರ್' ಒಂದೇ ಒಂದು ಇರುವ ಖಡ್ಗ. ಆ ವಿಸ್ತರಣೆಯಲ್ಲಿ ಪ್ಯಾಲಡಿನ್ ವರ್ಗದ ಆಟಗಾರರು ಅದನ್ನು ಪಡೆದರು, ತಮ್ಮ ಸಂಘದ ಅಧಿಪತಿ ಎನಿಸಿಕೊಂಡರು. ಕಥೆಯಲ್ಲಿನ ಪಾತ್ರಗಳು ಪ್ರತಿಯೊಬ್ಬನನ್ನೂ ಏಕೈಕ ಅಧಿಪತಿಯೆಂದು ಸಂಬೋಧಿಸುತ್ತಿದ್ದಾಗ, ಅದೇ ಅಂಗಳದಲ್ಲಿ ಅದೇ ಕತ್ತಿ ಹಿಡಿದ ಇನ್ನಷ್ಟು ಏಕೈಕ ಅಧಿಪತಿಗಳು ಓಡಾಡುತ್ತಿದ್ದರು. ಎಲ್ಲರಿಗೂ ಹಂಚಿದ ಬಿರುದು ಬಿರುದಾಗಿ ಉಳಿಯುವುದಿಲ್ಲವೆಂಬ ಅರಿವು ಆಸ್ಥಾನಗಳ ಇತಿಹಾಸ ಬಲ್ಲವರಿಗೆ ಹೊಸದಲ್ಲ.

ಇದಕ್ಕೆ ಪ್ರತಿಯಾಗಿ 'ಫೈನಲ್ ಫ್ಯಾಂಟಸಿ 14'ರ ಉದಾಹರಣೆಯನ್ನು ಮುಂದಿಡಬಹುದು. 2010ರಲ್ಲಿ ಬಂದು ಸೋತು, 2012ರಲ್ಲಿ ಮುಚ್ಚಿ, 2013ರಲ್ಲಿ ಮರುಹುಟ್ಟು ಪಡೆದ ಈ ಆಟದಲ್ಲಿಯೂ ಪ್ರತಿಯೊಬ್ಬ ಆಟಗಾರನು 'ಬೆಳಕಿನ ಯೋಧ'ನೇ. ಆದರೂ ಆ ಕಥೆಯಿಂದ ಮನಸ್ಸು ಕಲಕಿತೆಂದು ಹೇಳುವ ಆಟಗಾರರು ಬಹಳ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗಮನಿಸಬೇಕಾದುದೆಂದರೆ, ಆ ಮನಕಲಕುವ ಗಳಿಗೆಗಳು ಬಹುಪಾಲು ದೃಶ್ಯಭಾಗಗಳಲ್ಲಿ ಬರುತ್ತವೆ. ಆಗ ಇತರ ಆಟಗಾರರು ತೆರೆಯಿಂದ ಮರೆಯಾಗಿರುತ್ತಾರೆ, ಕೈ ಕೀಲಿಮಣೆಯನ್ನು ಬಿಟ್ಟಿರುತ್ತದೆ. ಅಲ್ಲಿ ನಡೆಯುವುದು ಕಾವ್ಯದ ಓದಿಗೆ ಸಮೀಪವಾದ ಆಸ್ವಾದ.

ರಸವು ಯಾರಲ್ಲಿದೆ ಎಂಬ ಹಳೆಯ ಚರ್ಚೆ ಇಲ್ಲಿ ಹೊಸ ರೂಪದಲ್ಲಿ ಎದುರಾಗುತ್ತದೆ. ಲೊಲ್ಲಟನು ಅದು ಮುಖ್ಯವಾಗಿ ಅನುಕಾರ್ಯರಾದ ರಾಮಾದಿಗಳಲ್ಲಿದೆ ಎಂದನು. ಅಭಿನವಗುಪ್ತನಲ್ಲಿ ಅದು ಸಹೃದಯನ ಆಸ್ವಾದದಲ್ಲಿ ನೆಲೆಗೊಂಡಿತು. ಆಟಗಾರನಾದರೋ ಏಕಕಾಲಕ್ಕೆ ಅನುಕಾರ್ಯ, ನಟ ಮತ್ತು ಪ್ರೇಕ್ಷಕ. ದೃಶ್ಯಭಾಗವನ್ನು ನೋಡುವಾಗ ಅವನು ಸಹೃದಯನಾಗಿ ವೀರರಸವನ್ನು ಸವಿಯುತ್ತಾನೆ. ಆಡುವಾಗ ಅವನಲ್ಲಿ ಏಳುವುದು ಲೌಕಿಕವಾದ ಉತ್ಸಾಹ, ಸ್ಥಾಯಿಭಾವದ ಹಸಿ ರೂಪ. ಬೆವರುವ ಅಂಗೈ, ತಪ್ಪಿದರೆ ಬಳಗ ಬೈಯುವುದೆಂಬ ಅಂಜಿಕೆ ಇವು ರಸಾಸ್ವಾದದ ಲಕ್ಷಣಗಳಲ್ಲ. ವೀರನೆಂಬ ಭಾವ ಉಂಟಾಗುವುದಾದರೆ ಈ ಎರಡನೆಯ ಸ್ಥಿತಿಯಲ್ಲಿಯೇ ಅದನ್ನು ಹುಡುಕಬೇಕು. ಬಾರ್ಟಲ್ 1996ರಲ್ಲಿ ಆಟಗಾರರನ್ನು ಸಾಧಕರು, ಅನ್ವೇಷಕರು, ಸಂಗಪ್ರಿಯರು, ಕೊಲೆಗಡುಕರು ಎಂದು ನಾಲ್ಕಾಗಿ ವಿಂಗಡಿಸಿದರು. ವೀರ ಎಂಬ ವರ್ಗ ಅಲ್ಲಿಲ್ಲ. 2003ರ ತಮ್ಮ ಗ್ರಂಥದಲ್ಲಿ ಅವರು ಜೋಸೆಫ್ ಕ್ಯಾಂಬೆಲ್‌ನ ವೀರಯಾತ್ರೆಯ ಪರಿಕಲ್ಪನೆಯನ್ನು ತಂದು, ಯಾತ್ರೆ ಮಾಡುವವನು ಪಾತ್ರವಲ್ಲ, ಆಟಗಾರನೇ ಎಂದರು. ಸೂಕ್ಷ್ಮವಾದ ಮಾತು. ಆದರೆ ಆ ಯಾತ್ರೆಯೂ ತನ್ನನ್ನು ತಾನು ಕಂಡುಕೊಳ್ಳುವ ಒಂಟಿ ಯಾತ್ರೆ. ನೋಡುವ ಊರಿಗೆ ಅದರಲ್ಲಿ ಹೆಚ್ಚು ಸ್ಥಾನವಿಲ್ಲ.

ಊರು ಇರುವುದು ರೇಡ್‌ನಲ್ಲಿ. ಆರಂಭದ ವಾರ್‌ಕ್ರಾಫ್ಟ್‌ನಲ್ಲಿ ದೊಡ್ಡ ರೇಡ್‌ಗೆ ನಲವತ್ತು ಜನ ಬೇಕಿತ್ತು. ಟ್ಯಾಂಕ್ ಎನಿಸಿಕೊಂಡವನು ಶತ್ರುವಿನ ಏಟನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳಬೇಕು, ಹೀಲರ್ ಅವನ ಜೀವ ಹಿಡಿದಿಡಬೇಕು, ಉಳಿದವರು ಹೊಡೆಯಬೇಕು. ಹೀಲರ್‌ನ ಕಣ್ಣು ಬಹುಹೊತ್ತು ಶತ್ರುವಿನ ಮೇಲೆ ಇರುವುದೇ ಇಲ್ಲ, ಸಂಗಡಿಗರ ಜೀವವನ್ನು ತೋರುವ ಪಟ್ಟಿಗಳ ಮೇಲಿರುತ್ತದೆ. ಕಥೆಯ ದೃಷ್ಟಿಯಿಂದ ಇಲ್ಲಿ ಯಾರೂ ನಾಯಕರಲ್ಲ. ಒಬ್ಬನು ಎರಡು ಕ್ಷಣ ತಡಮಾಡಿದರೆ ನಲವತ್ತು ಜನರ ಸಂಜೆ ಮಣ್ಣುಪಾಲು. 2006ರ ಜನವರಿಯಲ್ಲಿ ಆನ್‌ಕಿರಾಜ್ ಕೋಟೆಯ ದ್ವಾರ ತೆರೆದ ಪ್ರಸಂಗ ಇದಕ್ಕೆ ಒಳ್ಳೆಯ ನಿದರ್ಶನ. ಒಂದೊಂದು ಸರ್ವರಿನ ಸಮಸ್ತ ಆಟಗಾರರು ಬ್ಯಾಂಡೇಜು, ಲೋಹ, ಚರ್ಮ, ಅಡುಗೆಗಳನ್ನು ರಾಶಿ ಹಾಕಬೇಕಿತ್ತು. ದೀರ್ಘವಾದ ಕ್ವೆಸ್ಟ್‌ಗಳ ಸರಣಿಯನ್ನು ಮುಗಿಸಿದವನು ಜಾಗಟೆಯನ್ನು ಬಾರಿಸಬೇಕಿತ್ತು. ಜಾಗಟೆಯ ಬಿರುದು ಬಹು ವಿರಳರಿಗೆ ದಕ್ಕಿತು. ಅವರ ಹಿಂದೆ ಬಳಗದವರ ದುಡಿಮೆಯಿತ್ತು. ಆ ಬಿರುದಿಗೆ ಬೆಲೆ ಬಂದದ್ದು ಅದು ಎಲ್ಲರಿಗೂ ಸಿಗಲಿಲ್ಲವೆಂಬುದರಿಂದ, ಜಾಗಟೆಯ ದನಿಗಾಗಿ ಒಂದು ಸರ್ವರು ಕಾದು ನಿಂತಿತ್ತೆಂಬುದರಿಂದ.

ಸಾಕ್ಷಿಯ ಜೊತೆಗೆ ನಷ್ಟವೂ ಬೇಕು. ವಾರ್‌ಕ್ರಾಫ್ಟ್‌ನಲ್ಲಿ ಸತ್ತವನು ಆತ್ಮರೂಪದಲ್ಲಿ ಸ್ಮಶಾನದಿಂದ ತನ್ನ ಶವದತ್ತ ಓಡಿ ಮತ್ತೆ ಏಳುತ್ತಾನೆ. ದಂಡವೆಂದರೆ ಆಯುಧಗಳ ಅಲ್ಪ ಸವೆತ. 2003ರ 'ಈವ್ ಆನ್‌ಲೈನ್' ಎಂಬ ಅಂತರಿಕ್ಷದ ಆಟದಲ್ಲಿ ಹಾಗಲ್ಲ, ಅಲ್ಲಿ ನಾಶವಾದ ನೌಕೆ ಹೋಯಿತೆಂದರೆ ಹೋಯಿತು. ಆ ಆಟ ಯಾರನ್ನೂ ವಿಧಿ ಆರಿಸಿದವನೆಂದು ಕರೆಯುವುದಿಲ್ಲ. 2014ರ ಜನವರಿ ಕೊನೆಯಲ್ಲಿ ನಡೆದ ಕಾಳಗದಲ್ಲಿ 7,500ಕ್ಕೂ ಹೆಚ್ಚು ಪಾತ್ರಗಳು ತೊಡಗಿ, 75 ಟೈಟಾನ್ ನೌಕೆಗಳು ಭಸ್ಮವಾದವು. ಸರ್ವರು ಭಾರ ತಾಳದೆ ಆಟದ ಕಾಲವನ್ನೇ ಹತ್ತರಲ್ಲೊಂದು ಪಾಲಿಗೆ ಇಳಿಸಲಾಗಿತ್ತು. ನೋಡಿದರೆ ಸಾಹಸಕ್ಕಿಂತ ಕಚೇರಿಯ ಕಡತ ವಿಲೇವಾರಿಯಂತೆ ಕಾಣುವ ಈ ಯುದ್ಧವನ್ನು ಆ ಆಟದ ಜನ ಇಂದಿಗೂ ಪುರಾಣದಂತೆ ಹೇಳಿಕೊಳ್ಳುತ್ತಾರೆ. ಇನ್ನೂ ಕುತೂಹಲಕರವಾದುದು ವಾರ್‌ಕ್ರಾಫ್ಟ್‌ನ 'ಹಾರ್ಡ್‌ಕೋರ್' ಕ್ರಮ. ಒಮ್ಮೆ ಸತ್ತರೆ ಪಾತ್ರ ಮುಗಿಯಿತೆಂಬ ನಿಯಮವನ್ನು ಮೊದಲು ಆಟಗಾರರೇ ತಮ್ಮ ಮೇಲೆ ಹೇರಿಕೊಂಡರು. 2023ರ ಆಗಸ್ಟಿನಲ್ಲಿ ಸಂಸ್ಥೆ ಅದಕ್ಕೆಂದೇ ಅಧಿಕೃತ ಸರ್ವರುಗಳನ್ನು ತೆರೆಯಿತು. ಅಲ್ಲಿ ಪಾತ್ರವೊಂದು ಸತ್ತರೆ ಸುದ್ದಿ ಇತರರಿಗೂ ತಿಳಿಯುತ್ತದೆ. ಅಮರತ್ವವನ್ನು ಪಡೆದಿದ್ದ ಜನ ಸಾವನ್ನು ಕೇಳಿ ಪಡೆದುಕೊಂಡರು! ಅಲ್ಲಿ ಆ ಹತ್ತು ಹಂದಿಗಳೂ ಅಪಾಯಕಾರಿಯೇ.

ಇದುವರೆಗಿನ ಉದಾಹರಣೆಗಳು ಯುದ್ಧವೀರಕ್ಕೆ ಸೇರಿದವು. ಭರತನು ದಾನವೀರ, ಧರ್ಮವೀರಗಳನ್ನೂ ಹೇಳಿದನು. ವಿಶ್ವನಾಥನ 'ಸಾಹಿತ್ಯದರ್ಪಣ'ದಲ್ಲಿ ದಯಾವೀರ ನಾಲ್ಕನೆಯದಾಗಿ ಸೇರಿತು. ಆಟ ತಯಾರಕರ ಲೆಕ್ಕದಲ್ಲಿಲ್ಲದ ಈ ದಯಾವೀರ 2005ರ ಸೆಪ್ಟೆಂಬರಿನಲ್ಲಿ ತಾನಾಗಿ ಕಾಣಿಸಿಕೊಂಡಿತು. ಹಕ್ಕಾರ್ ಎಂಬ ರಾಕ್ಷಸನು ತನ್ನ ಗುಡಿಯೊಳಗೆ ಹರಡಬೇಕಾಗಿದ್ದ 'ಕೆಟ್ಟ ರಕ್ತ'ದ ಸೋಂಕು, ಆಟಗಾರರ ಸಾಕುಪ್ರಾಣಿಗಳ ಮೂಲಕ ಪಟ್ಟಣಗಳಿಗೆ ಬಂದು, ಹೊಸಬರು ರಾಶಿರಾಶಿಯಾಗಿ ಸತ್ತರು. ಬೇಕೆಂದೇ ಸೋಂಕು ಹಂಚಿದವರಿದ್ದರು, ಓಡಿಹೋದವರಿದ್ದರು. ಕೆಲವು ಹೀಲರ್‌ಗಳು ಅಲ್ಲಿಯೇ ನಿಂತು ಅಪರಿಚಿತರನ್ನು ಉಳಿಸಲು ಹೆಣಗಿದರು. ಅವರ ಆರೈಕೆ ರೋಗಿಯನ್ನು ಜೀವಂತವಾಗಿಟ್ಟು ಸೋಂಕು ಇನ್ನಷ್ಟು ಹರಡಲು ನೆರವಾಗಿರಬಹುದು ಎಂಬುದು ಬೇರೆ ಮಾತು. ಕೊನೆಗೆ ಸಂಸ್ಥೆ ಸರ್ವರುಗಳನ್ನು ಮರುಸ್ಥಾಪಿಸಬೇಕಾಯಿತು. 2007ರಲ್ಲಿ 'ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್' ಪತ್ರಿಕೆಯಲ್ಲಿ ಲೋಫ್‌ಗ್ರೆನ್ ಮತ್ತು ಫೆಫರ್‌ಮನ್ ಇದನ್ನು ಸಾಂಕ್ರಾಮಿಕಗಳ ಅಧ್ಯಯನಕ್ಕೆ ಮಾದರಿಯಾಗಿ ಚರ್ಚಿಸಿದರು. ಆ ಹೀಲರ್‌ಗಳಿಗೆ ಯಾವ ಹಳದಿ ಚಿಹ್ನೆಯೂ ಆಜ್ಞೆ ಕೊಟ್ಟಿರಲಿಲ್ಲ, ಯಾವ ಸಂಭಾವನೆಯೂ ಇರಲಿಲ್ಲ.

ತಿಂಗಳ ಚಂದಾ ತೆತ್ತು ಪಡೆಯುವ ನಾಯಕತ್ವ ಒಂದು ಸರಕು ಎಂಬ ವಿಮರ್ಶೆಯನ್ನು ಒಪ್ಪಬಹುದು. ಆದರೆ ಆ ಸರಕಿನ ಪಕ್ಕದಲ್ಲಿ, ಅದರ ಮಾರಾಟಗಾರರಿಗೂ ಗೊತ್ತಿಲ್ಲದೆ ಬೆಳೆಯುವುದನ್ನು ಆ ವಿಮರ್ಶೆ ಕಾಣುವುದಿಲ್ಲ. ನಾರ್ವೆಯ ಮ್ಯಾಟ್ಸ್ ಸ್ಟೀನ್‌ನ ಪ್ರಸಂಗ ಇದಕ್ಕೆ ಸಂಬಂಧಿಸಿದ್ದು. 2024ರ ಸಾಕ್ಷ್ಯಚಿತ್ರದಿಂದ ಅದು ಲೋಕಕ್ಕೆ ತಿಳಿದಿದೆ. ಡುಶೆನ್ ಎಂಬ ಸ್ನಾಯುಕ್ಷಯದಿಂದ ದೇಹ ಕುಗ್ಗುತ್ತ ಹೋದ ಈತನು ವಾರ್‌ಕ್ರಾಫ್ಟ್‌ನಲ್ಲಿ 'ಇಬೆಲಿನ್' ಎಂಬ ಪಾತ್ರವಾಗಿದ್ದನು. 2014ರಲ್ಲಿ ಇಪ್ಪತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಮಗ ಸ್ನೇಹಿತರಿಲ್ಲದೆ ಹೋದನೆಂದು ತಂದೆತಾಯಿ ನಂಬಿದ್ದರು. ಸಾವಿನ ಸುದ್ದಿ ತಿಳಿಸಿದೊಡನೆ ಅಪರಿಚಿತರಿಂದ ಪತ್ರಗಳು ಬರತೊಡಗಿದವು. ಅವನ ಬಳಗ ಉಳಿಸಿಕೊಂಡಿದ್ದ ಸುಮಾರು 42,000 ಪುಟಗಳಷ್ಟು ಸಂಭಾಷಣೆಯ ದಾಖಲೆಯಿಂದ ಅವನ ಆಟದ ಬದುಕನ್ನು ಸಾಕ್ಷ್ಯಚಿತ್ರ ಮರುಕಟ್ಟಿತು. (ಪಠ್ಯಸಂಪಾದನೆಯಲ್ಲಿ ಆಸಕ್ತಿಯುಳ್ಳವರು ಆ ಸಂಖ್ಯೆಯ ಎದುರು ಒಂದು ಗಳಿಗೆ ನಿಲ್ಲಬೇಕು.) ಆ ದಾಖಲೆಯಲ್ಲಿ ರಾಕ್ಷಸವಧೆಗೆ ದೊಡ್ಡ ಸ್ಥಾನವಿಲ್ಲ. ಆಟಿಸಮ್ ಇದ್ದ ಮಗನೊಡನೆ ಮಾತು ಬೆಳೆಸಲಾಗದ ತಾಯಿಗೆ ಆಟದ ಮೂಲಕವೇ ದಾರಿ ತೋರಿಸಿದ್ದು, ದುಃಖದಲ್ಲಿದ್ದವರ ಮಾತನ್ನು ಕೇಳಿಸಿಕೊಂಡದ್ದು, ಕೆಲವೊಮ್ಮೆ ಜಗಳವಾಡಿ ಕ್ಷಮೆ ಕೇಳಿದ್ದು ಇವೇ ಹೆಚ್ಚು. ತನ್ನ ಕಾಯಿಲೆಯನ್ನು ಅವನು ಬಹುಕಾಲ ಅವರಿಂದ ಮರೆಮಾಡಿದ್ದನು. ಬದುಕಿದ್ದಾಗ ಅವನಿಗೆ ತಾನು ವೀರನೆಂದು ಅನ್ನಿಸಿತ್ತೇ ಎಂದು ದಾಖಲೆಯಿಂದ ಹೇಳಲಾಗದು. ಬಳಗದ ಕೆಲವರು ಬೇರೆ ದೇಶಗಳಿಂದ ಅಂತ್ಯಕ್ರಿಯೆಗೆ ಬಂದರು. ಉಳಿದವರು ವರ್ಷಕ್ಕೊಮ್ಮೆ ಆಟದೊಳಗೆ ಅವನ ನೆನಪಿಗೆ ಸೇರುತ್ತಾರೆ.