ಸಿಟಿ ಸ್ಕ್ಯಾನ್: ವಿಕಿರಣ ಎಷ್ಟಿದ್ದರೆ ಸಾಕು?

ನಾನು ಕಾಮರ್ಸ್ ವಿದ್ಯಾರ್ಥಿ. ಆದರೂ ಈ ವಿಷಯ ನಮ್ಮ ಸ್ಟ್ಯಾಟಿಸ್ಟಿಕ್ಸ್ ಪಾಠಕ್ಕೆ ಬಹಳ ಹತ್ತಿರದ್ದು.

ಸಿಟಿ ಯಂತ್ರದಲ್ಲಿ ಎಕ್ಸ್-ರೇ ಟ್ಯೂಬ್ ದೇಹದ ಸುತ್ತ ತಿರುಗುತ್ತದೆ. ದೇಹವನ್ನು ದಾಟಿ ಬಂದ ಕಿರಣಗಳನ್ನು ಡಿಟೆಕ್ಟರ್‌ಗಳು ಅಳೆಯುತ್ತವೆ. ಆ ಅಳತೆಗಳಿಂದ ಕಂಪ್ಯೂಟರ್ ದೇಹದ ಒಳಭಾಗದ ಚಿತ್ರ ರಚಿಸುತ್ತದೆ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಸ್ಕ್ಯಾನ್ ನಡೆಯಿತು. ಇದಕ್ಕಾಗಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ 1979ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಎದೆಯ ಒಂದು ಎಕ್ಸ್-ರೇಯ ವಿಕಿರಣ ಸುಮಾರು 0.1 ಮಿಲಿಸೀವರ್ಟ್, ಸಾಮಾನ್ಯ ಎದೆ ಸಿಟಿಯದು ಸುಮಾರು 7. ಪ್ರಕೃತಿಯಿಂದಲೇ ನಮಗೆ ವರ್ಷಕ್ಕೆ ಸರಾಸರಿ 2.4 ಬರುತ್ತದೆ. ಒಂದು ಸ್ಕ್ಯಾನಿನ ಅಪಾಯ ಚಿಕ್ಕದು. ಆದರೆ ಮಕ್ಕಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು.

ನಾನಿಗೆ ಡಾಕ್ಟರು ಸಿಟಿ ಬರೆದುಕೊಟ್ಟಾಗ ಅಮ್ಮಿ ಕೇಳಿದರು: "ವಿಕಿರಣ ಕಡಿಮೆ ಮಾಡಿದರೆ ಕಾಯಿಲೆ ಕಾಣದೇ ಹೋದರೆ?" ಪ್ರಶ್ನೆ ಸರಿಯಾದದ್ದೇ. ಸ್ಯಾಂಪಲ್ ಚಿಕ್ಕದಾದರೆ ಸರಾಸರಿಯನ್ನು ನಂಬುವುದು ಕಷ್ಟ ಎಂದು ನಾವು ಓದಿದ್ದೇವೆ. ಇಲ್ಲಿಯೂ ಹಾಗೆಯೇ. ಡಿಟೆಕ್ಟರಿಗೆ 100 ಕಣಗಳು ಬಂದರೆ ಏರುಪೇರು ಸುಮಾರು 10, ಅಂದರೆ ಶೇ. 10. 10,000 ಬಂದರೆ ಏರುಪೇರು 100, ಅಂದರೆ ಶೇ. 1 ಮಾತ್ರ. ಏರುಪೇರು ಹೆಚ್ಚಾದರೆ ಚಿತ್ರ ಮರಳು ಎರಚಿದಂತೆ ಕಾಣುತ್ತದೆ. ವಿಕಿರಣವನ್ನು ಕಾಲು ಭಾಗಕ್ಕೆ ಇಳಿಸಿದರೆ ಈ ಮರಳು ಎರಡು ಪಟ್ಟಾಗುತ್ತದೆ.

ಇದಕ್ಕೆ ಪರಿಹಾರಗಳಿವೆ. ದೇಹದ ತೆಳುವಾದ ಭಾಗಕ್ಕೆ ಯಂತ್ರವೇ ಕರೆಂಟ್ ಇಳಿಸುತ್ತದೆ, ದಪ್ಪ ಭಾಗಕ್ಕೆ ಏರಿಸುತ್ತದೆ. ತೆಳ್ಳಗಿನವರಿಗೆ, ಮಕ್ಕಳಿಗೆ ವೋಲ್ಟೇಜ್ ತಗ್ಗಿಸುತ್ತಾರೆ. ಬೇಕಾದ ಭಾಗವನ್ನಷ್ಟೇ ಸ್ಕ್ಯಾನ್ ಮಾಡುತ್ತಾರೆ. ಹೊಸ ಸಾಫ್ಟ್‌ವೇರ್ ಚಿತ್ರವನ್ನು ಮತ್ತೆ ಮತ್ತೆ ಅಳತೆಗೆ ಹೋಲಿಸಿ ತಿದ್ದಿ, ಮರಳನ್ನು ಕಡಿಮೆ ಮಾಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಏನನ್ನು ಹುಡುಕುತ್ತಿದ್ದೇವೆ ಎಂಬುದು. ಕಿಡ್ನಿಯ ಕಲ್ಲು, ಶ್ವಾಸಕೋಶದ ಗಂಟು ಸುತ್ತಲಿನ ಭಾಗಕ್ಕಿಂತ ಎದ್ದು ಕಾಣುತ್ತವೆ. ಅವಕ್ಕೆ ಕಡಿಮೆ ವಿಕಿರಣ ಸಾಕು. ಯಕೃತ್ತಿನ ಮಸುಕಾದ ಗಡ್ಡೆಗೆ ಸಾಲದು. ಅಮೆರಿಕದಲ್ಲಿ 53,000ಕ್ಕೂ ಹೆಚ್ಚು ಧೂಮಪಾನಿಗಳು ಮತ್ತು ಧೂಮಪಾನ ಬಿಟ್ಟವರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಳಸಿದ ಸಿಟಿಯ ವಿಕಿರಣ ಸರಾಸರಿ 1.5 ಮಿಲಿಸೀವರ್ಟ್ ಮಾತ್ರ. ಆದರೂ ಎಕ್ಸ್-ರೇ ತೆಗೆಸಿಕೊಂಡವರಿಗೆ ಹೋಲಿಸಿದರೆ ಶ್ವಾಸಕೋಶದ ಕ್ಯಾನ್ಸರ್ ಸಾವು ಶೇ. 20ರಷ್ಟು ಕಡಿಮೆಯಾಯಿತು.

ಹಾಗೆಂದು ಅತಿಯಾಗಿ ಇಳಿಸುವುದೂ ನಷ್ಟವೇ. ಚಿತ್ರ ಕೆಟ್ಟರೆ ಮತ್ತೆ ಸ್ಕ್ಯಾನ್ ಮಾಡಬೇಕಾಗುತ್ತದೆ. ಆಗ ಉಳಿಸಿದ್ದೆಲ್ಲ ಹೋಯಿತು.

ಆದ್ದರಿಂದ ಗೆಳೆಯರೇ, ಮನೆಯವರ ಜೊತೆ ಸ್ಕ್ಯಾನಿಂಗ್‌ಗೆ ಹೋಗುವಾಗ ಹಳೆಯ ಫಿಲ್ಮ್, ಸಿಡಿ ಒಯ್ಯಿರಿ. ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ. ಅಲ್ಟ್ರಾಸೌಂಡ್ ಸಾಕಾಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಸಿಟಿ ಬೇಕೇ ಬೇಕು ಎಂದರೆ ಹೆದರಿ ಬಿಡಬೇಡಿ.