ಯಂತ್ರ ಮಾಡುವ ಕಾರ್ಖಾನೆ ತಾನೇ ಬದಲಾಗಬೇಕಾದಾಗ

ಮರವನ್ನು ಕೊಯ್ಯಲು ಗರಗಸ ಬೇಕು. ಗರಗಸವನ್ನು ಮಾಡಲು ಕಮ್ಮಾರನ ಕುಲುಮೆ ಬೇಕು. ಇದರಂತೆಯೇ ಪಂಪು, ಮೋಟಾರು, ಹೊಲಿಗೆಯಂತ್ರ ಮೊದಲಾದುವನ್ನು ತಯಾರಿಸುವ ಕಾರ್ಖಾನೆಗಳಿಗೂ ಲೋಹವನ್ನು ಕಡೆಯುವ, ಕೊರೆಯುವ, ಸಾಣೆಹಿಡಿಯುವ ಯಂತ್ರಗಳು ಬೇಕಾಗುತ್ತವೆ. ಯಂತ್ರಗಳನ್ನು ಹೆರುವ ಈ ಯಂತ್ರಗಳಿಗೆ ತಾಯಿಯಂತ್ರಗಳೆಂಬ ಹೆಸರು ಚೆನ್ನಾಗಿ ಒಪ್ಪುತ್ತದೆ. ಸ್ವಾತಂತ್ರ್ಯ ಬಂದಾಗ ಇವುಗಳಿಗಾಗಿ ಭಾರತವು ಬಹುಮಟ್ಟಿಗೆ ಹೊರದೇಶಗಳನ್ನೇ ನೆಚ್ಚಿಕೊಂಡಿದ್ದಿತು. ಆ ಕೊರತೆಯನ್ನು ನೀಗಲೆಂದು ಕೇಂದ್ರ ಸರ್ಕಾರವು 1953ರಲ್ಲಿ, ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಸಂಸ್ಥೆಯ ನೆರವನ್ನು ಪಡೆದು, ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಅದರ ಮೊದಲ ಕಾರ್ಖಾನೆ ಎದ್ದಿತು. ಜನರ ಬಾಯಲ್ಲಿ ಅದು ಎಚ್.ಎಂ.ಟಿ. ಎಂದಾಯಿತು.

ಈ ಸಂಸ್ಥೆಗೆ ತನ್ನ ದಾರಿಯನ್ನು ಬದಲಿಸಬೇಕಾದ ಸಂದರ್ಭ ಎರಡು ಸಲ ಒದಗಿತು. ಮೊದಲ ಸಲ ಗೆದ್ದಿತು, ಎರಡನೆಯ ಸಲ ಸೋತಿತು. ಎರಡು ಸಲವೂ ಸಂಸ್ಥೆ ಒಂದೇ, ಅದರ ಜಾಣ್ಮೆಯೂ ಕುಗ್ಗಿರಲಿಲ್ಲ. ಹಾಗಾದರೆ ಫಲವೇಕೆ ಬೇರೆಯಾಯಿತು?

ಮೊದಲನೆಯ ಸಂದರ್ಭವನ್ನು ನೋಡೋಣ. 1961ರಲ್ಲಿ ಬೆಂಗಳೂರಿನಲ್ಲಿಯೇ ಎರಡನೆಯ ಕಾರ್ಖಾನೆ ಎದ್ದಿತು. ಅನಂತರ 1963ರಿಂದ 1965ರೊಳಗೆ ಪಿಂಜೋರ್, ಕಳಮಶ್ಶೇರಿ, ಹೈದರಾಬಾದುಗಳಲ್ಲಿ ಮೂರು ಕಾರ್ಖಾನೆಗಳು ತಲೆಯೆತ್ತಿದುವು. ಅಷ್ಟರಲ್ಲಿ ಯುದ್ಧ, ಬರಗಾಲ ಒಂದರ ಮೇಲೊಂದು ಬಂದು, 1966ರಲ್ಲಿ ಪಂಚವಾರ್ಷಿಕ ಯೋಜನೆಯೇ ತಡೆದು ನಿಂತಿತು. ತಾಯಿಯಂತ್ರಗಳನ್ನು ಕೇಳುವವರಿಲ್ಲವಾದರು.

ಇಲ್ಲಿ ವಿದ್ಯಾರ್ಥಿಗಳು ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಒಂದು ಕಾರ್ಖಾನೆಯಲ್ಲಿ 100 ಲೇತುಗಳಿವೆ, ಒಂದೊಂದೂ 20 ವರ್ಷ ಬಾಳುತ್ತದೆ ಎಂದಿಟ್ಟುಕೊಳ್ಳಿ. ಸವೆದುವಕ್ಕೆ ಬದಲಾಗಿ ಅದು ವರ್ಷಕ್ಕೆ 5 ಲೇತುಗಳನ್ನು ಕೊಳ್ಳಬೇಕು. ಕಾರ್ಖಾನೆ ಬೆಳೆಯುತ್ತಿದ್ದು ಇನ್ನೂ 10 ಬೇಕಾದರೆ ಒಟ್ಟು 15 ಆಯಿತು. ಮರುವರ್ಷ ಬೆಳವಣಿಗೆ ನಿಂತರೆ ಕೊಳ್ಳುವುದು 5 ಮಾತ್ರ. ಆ ಕಾರ್ಖಾನೆಯಲ್ಲಿ ಒಂದು ಲೇತೂ ಸುಮ್ಮನೆ ನಿಂತಿಲ್ಲ, ಒಬ್ಬ ಕೆಲಸಗಾರನೂ ಮನೆಗೆ ಹೋಗಿಲ್ಲ. ಆದರೂ ಲೇತು ಮಾಡುವವನ ವ್ಯಾಪಾರ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು! ತಾಯಿಯಂತ್ರದ ಉದ್ಯಮವು ನಾಡಿನ ಏರಿಳಿತಗಳನ್ನು ಹಲವು ಪಟ್ಟು ಹೆಚ್ಚಿಸಿಕೊಂಡು ಅನುಭವಿಸುವುದು ಹೀಗೆ.

ಇದನ್ನರಿತ ಎಚ್.ಎಂ.ಟಿ.ಯ ಆಡಳಿತಗಾರರು ಬೇರೆ ಬೇರೆ ಕಾಲಕ್ಕೆ ಬೇಡಿಕೆ ಬರುವ ಬೇರೆ ಬೇರೆ ಸರಕುಗಳತ್ತ ಕೈಚಾಚಿದರು. 1971ರಲ್ಲಿ ಪಿಂಜೋರಿನಲ್ಲಿ ಟ್ರಾಕ್ಟರುಗಳ ತಯಾರಿಕೆ ಮೊದಲಾಯಿತು. ಕಳಮಶ್ಶೇರಿಯಲ್ಲಿ ಮುದ್ರಣಯಂತ್ರಗಳು ಬಂದುವು. ಹಲ್ಲುಚಕ್ರವನ್ನು ಕಡೆಯಬಲ್ಲವನಿಗೆ ಅದು ಲೇತಿನೊಳಕ್ಕೆ ಹೋಗುವುದೋ ಟ್ರಾಕ್ಟರಿನೊಳಕ್ಕೆ ಹೋಗುವುದೋ ಎಂಬುದು ದೊಡ್ಡ ಮಾತಲ್ಲ. ಸರಕು ಬದಲಾಯಿತು, ಕೈಯ ವಿದ್ಯೆ ಬದಲಾಗಲಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಕೈಗಡಿಯಾರದ ಕಡೆಗೆ ಬರೋಣ.

ಲೇತು ಮಾಡುವವರಿಗೂ ಕೈಗಡಿಯಾರಕ್ಕೂ ಎತ್ತಣ ಸಂಬಂಧವೆಂದು ಕೆಲವರಿಗೆ ತೋರಬಹುದು. ಸೂಕ್ಷ್ಮ ಅಳತೆಗೆ ತಪ್ಪದಂತೆ ಲೋಹವನ್ನು ಕಡೆಯುವುದೇ ಎರಡಕ್ಕೂ ಮೂಲ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಬೆಂಗಳೂರಿನಲ್ಲಿ ಗಡಿಯಾರಗಳ ತಯಾರಿಕೆ ಮೊದಲಾಯಿತು. ಕಣ್ಣಿಗೆ ಭೂತಗಾಜನ್ನು ಸಿಕ್ಕಿಸಿಕೊಂಡು, ಕೂದಲೆಳೆಯಂಥ ಸುರುಳಿಯನ್ನು ಚಿಮುಟದಿಂದ ಹಿಡಿದು ಕೂರಿಸುವ ಕೆಲಸದಲ್ಲಿ ಹೆಣ್ಣುಮಕ್ಕಳು ಬಹುಸಂಖ್ಯೆಯಲ್ಲಿ ಪಳಗಿದರು. ಜನತಾ, ಪೈಲಟ್, ಕೋಹಿನೂರ್ ಮೊದಲಾದ ಹೆಸರಿನ ಗಡಿಯಾರಗಳನ್ನು ಜನ ತಿಂಗಳುಗಟ್ಟಲೆ ಕಾದು ಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ, ಮದುವೆಯಲ್ಲಿ ಅಳಿಯನಿಗೆ, ನಿವೃತ್ತನಾದವನಿಗೆ ಅದೇ ಉಡುಗೊರೆ.

ಕೀಲಿ ಕೊಡುವ ಇಂತಹ ಗಡಿಯಾರದ ಜೀವಾಳ ಅದರ ತೂಗುಚಕ್ರ. ಜನತಾ ಗಡಿಯಾರದಲ್ಲಿ ಅದು ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ 5 ಸಲ, ಅತ್ತಿಂದಿತ್ತ ಹೊರಳುತ್ತದೆ. ಆದರೆ 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಸಂಸ್ಥೆಯು ತೂಗುಚಕ್ರವೇ ಇಲ್ಲದ ಕೈಗಡಿಯಾರವೊಂದನ್ನು ಮಾರಾಟಕ್ಕೆ ತಂದಿತು. ಅದರಲ್ಲಿದ್ದುದು ಕ್ವಾರ್ಟ್ಸ್, ಎಂದರೆ ಬೆಣಚುಕಲ್ಲಿನ ಜಾತಿಯ ಸ್ಫಟಿಕ. ವಿದ್ಯುತ್ತನ್ನು ಹಾಯಿಸಿದರೆ ಈ ಸ್ಫಟಿಕದ ತುಣುಕು ಎಡೆಬಿಡದೆ ಕಂಪಿಸುತ್ತದೆ. ಮುಂದೆ ಬಳಕೆಯಲ್ಲಿ ನೆಲೆನಿಂತ ಗಡಿಯಾರಗಳಲ್ಲಿ ಈ ಕಂಪನ ಸೆಕೆಂಡಿಗೆ 32,768 ಸಲ. ಈ ಸಂಖ್ಯೆಯೇ ಏಕೆ? ಅದನ್ನು ಎರಡರಿಂದ ಭಾಗಿಸುತ್ತ ಹೋಗಿ; ಹದಿನೈದನೆಯ ಸಲಕ್ಕೆ ಸರಿಯಾಗಿ 1 ಉಳಿಯುತ್ತದೆ. ಚಿಕ್ಕದೊಂದು ವಿದ್ಯುನ್ಮಂಡಲವು ಈ ಭಾಗಾಕಾರವನ್ನು ಮಾಡಿ, ಸೆಕೆಂಡಿಗೊಮ್ಮೆ ಮುಳ್ಳನ್ನು ತಳ್ಳುತ್ತದೆ. ಕೀಲಿಯ ಗಡಿಯಾರವು ದಿನಕ್ಕೆ ಹಲವು ಸೆಕೆಂಡು ಹಿಂದುಮುಂದಾದರೆ, ಇದು ತಿಂಗಳಿಗೆ ಸುಮಾರು 15 ಸೆಕೆಂಡು ತಪ್ಪೀತು, ಅಷ್ಟೆ.

ಎಚ್.ಎಂ.ಟಿ.ಗೆ ಇದು ತಿಳಿದಿರಲಿಲ್ಲವೆಂದು ಹೇಳುವವರುಂಟು. ಅದು ಸರಿಯಲ್ಲ. 1980ರ ದಶಕದ ಆರಂಭದಲ್ಲಿ ಅದು ತಾನೇ ಕ್ವಾರ್ಟ್ಸ್ ಗಡಿಯಾರಗಳನ್ನು ಹೊರತಂದಿತ್ತು. ಆದರೆ ಅದರ ಭಾರವೆಲ್ಲ ಕೀಲಿಯ ಗಡಿಯಾರದ ಮೇಲೆಯೇ ಇದ್ದಿತು. ಶ್ರೀನಗರ, ತುಮಕೂರು, ಬಳಿಕ ರಾಣಿಬಾಗ್‌ಗಳಲ್ಲಿ ಗಡಿಯಾರದ ಕಾರ್ಖಾನೆಗಳು ಹರಡಿಕೊಂಡುವು. ಕೊಳ್ಳುವವರು ಬಾಗಿಲಲ್ಲಿ ಕಾದಿದ್ದರು. ಹಳ್ಳಿಯಲ್ಲಿ ಗುಂಡಿಯಂಥ ಬ್ಯಾಟರಿ ಎಲ್ಲಿ ಸಿಕ್ಕೀತು, ಕೆಟ್ಟರೆ ರಿಪೇರಿ ಮಾಡುವವರಾರು ಎಂಬ ಪ್ರಶ್ನೆಗಳೂ ಹುರುಳಿಲ್ಲದುವಲ್ಲ. ಅಂದಿನ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತಿದ್ದರೆ ನಮ್ಮಲ್ಲಿಯೂ ಅನೇಕರು ಅದೇ ತೀರ್ಮಾನಕ್ಕೆ ಬರುತ್ತಿದ್ದೆವೆಂದು ನನಗೆ ತೋರುತ್ತದೆ.

ನಿಜವಾದ ತೊಡಕು ಇನ್ನೂ ಆಳದಲ್ಲಿದ್ದಿತು. ವಿದ್ಯುನ್ಮಂಡಲವನ್ನು ಯಾರೂ ಲೇತಿನಲ್ಲಿ ಕಡೆಯಲಾರರು. ಅದು ರಸಾಯನ ವಿದ್ಯೆಯೂ ಬೆಳಕೂ ಕೂಡಿ ಸಿಲಿಕಾನಿನ ಮೇಲೆ ಮೂಡಿಸುವ ಚಿತ್ರ. ಅಲ್ಲದೆ ಕ್ವಾರ್ಟ್ಸ್ ಗಡಿಯಾರದಲ್ಲಿ ಕಡೆಯಬೇಕಾದ ಬಿಡಿಭಾಗಗಳೂ ಕಡಿಮೆ. ಟ್ರಾಕ್ಟರು ಬಂದಾಗ ಹಳೆಯ ಕುಶಲತೆಗೆ ಹೊಸ ಕೆಲಸ ಸಿಕ್ಕಿತ್ತು. ಸ್ಫಟಿಕ ಬಂದಾಗ ಆ ಕುಶಲತೆಗೇ ಕೆಲಸ ಕಡಿಮೆಯಾಯಿತು. ಸಾವಿರಾರು ಜನರ ಅನ್ನ ಅದನ್ನೇ ಅವಲಂಬಿಸಿರುವಾಗ, ಸರ್ಕಾರಿ ಸಂಸ್ಥೆಯೊಂದು ಅದನ್ನು ಒಂದೇ ಏಟಿಗೆ ಬದಿಗಿಡುವುದೆಂತು? ಸ್ವಿಟ್ಜರ್‌ಲೆಂಡಿನವರಿಗೂ ಇದೇ ಪಾಡು ಬಂದಿತು. 1967ರಲ್ಲಿಯೇ ಅವರ ಪ್ರಯೋಗಶಾಲೆಯಲ್ಲಿ ಕ್ವಾರ್ಟ್ಸ್ ಕೈಗಡಿಯಾರದ ಮಾದರಿ ಸಿದ್ಧವಾಗಿತ್ತು. ಆದರೂ 1970ರಲ್ಲಿ ಸುಮಾರು 90,000 ಇದ್ದ ಗಡಿಯಾರ ಕೆಲಸಗಾರರ ಸಂಖ್ಯೆ 1980ರ ದಶಕದಲ್ಲಿ ಹೆಚ್ಚುಕಡಮೆ ಮೂರನೆಯ ಒಂದಂಶಕ್ಕೆ ಕುಸಿಯಿತು.

ಇತ್ತ 1984ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡಿನ ಕೈಗಾರಿಕಾ ಅಭಿವೃದ್ಧಿ ನಿಗಮವೂ ಕೂಡಿ ಟೈಟನ್ ಸಂಸ್ಥೆಯನ್ನು ಸ್ಥಾಪಿಸಿದುವು. ಅದರ ಕಾರ್ಖಾನೆ ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರು ದೂರದ ಹೊಸೂರಿನಲ್ಲಿ. ಕ್ಸರ್ಕ್ಸಿಸ್ ದೇಸಾಯಿಯವರ ನೇತೃತ್ವದಲ್ಲಿ ಅದು ಪ್ರಧಾನವಾಗಿ ಕ್ವಾರ್ಟ್ಸನ್ನೇ ಹಿಡಿಯಿತು. ಆಗತಾನೆ ಶಾಲೆ ಮುಗಿಸಿದ ಹಳ್ಳಿಗಾಡಿನ ತರುಣ ತರುಣಿಯರನ್ನು ಆರಿಸಿ ತರಬೇತು ಕೊಟ್ಟಿತು. ಮರೆಯಬೇಕಾದ ಹಳೆಯ ಪಾಠ ಅವರಿಗಾವುದೂ ಇರಲಿಲ್ಲ. ಗಡಿಯಾರವು ಅಗ್ಗವೂ ಕರಾರುವಾಕ್ಕೂ ಆದಮೇಲೆ ಕೊಳ್ಳುವವನು ಕೇಳುವುದು ಅದರ ಅಂದವನ್ನು ಎಂದು ತಿಳಿದು, ಬೆಳಕು ತುಂಬಿದ ತನ್ನವೇ ಮಳಿಗೆಗಳಲ್ಲಿ ಅವುಗಳನ್ನು ಆಭರಣಗಳಂತೆ ಜೋಡಿಸಿಟ್ಟಿತು. ಬಾಳಿಕೆಗೆ ಹೆಸರಾದ ಎಚ್.ಎಂ.ಟಿ.ಗೆ ಈ ಹೊಸ ರೀತಿಯ ಮಾರಾಟವು ಸ್ಫಟಿಕಕ್ಕಿಂತಲೂ ಪರಕೀಯವಾಗಿದ್ದಿತೋ ಏನೋ!

2000ದ ಸುಮಾರಿಗೆ ಗಡಿಯಾರ ವಿಭಾಗವನ್ನು ಬೇರೆ ಕಂಪನಿಯಾಗಿ ವಿಂಗಡಿಸಿದರು, ನಷ್ಟ ನಿಲ್ಲಲಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಅದನ್ನು ಮುಚ್ಚಲು ಒಪ್ಪಿ, ಉಳಿದಿದ್ದ ನೌಕರರಿಗೆ ಸ್ವಯಂನಿವೃತ್ತಿಯ ಏರ್ಪಾಡು ಮಾಡಿತು. ಒಂದು ಕಾಲಕ್ಕೆ ಸಂಸ್ಥೆಯನ್ನು ಕಾಪಾಡಿದ್ದ ಟ್ರಾಕ್ಟರಿನ ವಿಭಾಗವೂ ಅದೇ ವರ್ಷ ಮುಚ್ಚುವ ನಿರ್ಧಾರಕ್ಕೆ ಒಳಗಾಯಿತು. ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಪರಂಪರಾ ಕೇಂದ್ರದಲ್ಲಿ ಸಂಸ್ಥೆಯ ಹಳೆಯ ಯಂತ್ರಗಳನ್ನೂ ಕೀಲಿಯ ಗಡಿಯಾರಗಳನ್ನೂ ನೋಡಲು ಇರಿಸಿದ್ದಾರೆ.