ಹೇಳದೆ ಉಳಿದ ಕಥೆ, ಹಾಡದೆ ಉಳಿದ ಪದ

ಒಬ್ಬ ಹೆಂಗಸಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡೂ ಗೊತ್ತಿತ್ತು. ಆಕೆ ಕಥೆಯನ್ನು ಯಾರಿಗೂ ಹೇಳಲಿಲ್ಲ. ಹಾಡನ್ನು ಯಾರ ಮುಂದೆಯೂ ಹಾಡಲಿಲ್ಲ. ಒಳಗೇ ಇದ್ದು ಇದ್ದು ಅವೆರಡಕ್ಕೂ ಉಸಿರುಕಟ್ಟಿತು. ಒಂದು ದಿನ ಆಕೆ ಬಾಯಿ ತೆರೆದು ಮಲಗಿದ್ದಾಗ ಎರಡೂ ಹೊರಬಿದ್ದವು. ಕಥೆ ಒಂದು ಜೊತೆ ಜೋಡಾಗಿ ಬಾಗಿಲಲ್ಲಿ ಕುಳಿತಿತು. ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ನೇತುಬಿದ್ದಿತು. ಹೊರಗಿನಿಂದ ಬಂದ ಗಂಡ ಇವು ಯಾರವೆಂದು ಕೇಳಿದ. ಹೆಂಡತಿಗೆ ಏನೂ ತಿಳಿಯದು. ಜಗಳ ಹತ್ತಿತು. ಅವನು ಕಂಬಳಿ ಹೆಗಲಿಗೇರಿಸಿಕೊಂಡು ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳೆಲ್ಲ ಆರಿದ ಮೇಲೆ ಆ ಗುಡಿಯಲ್ಲಿ ಸೇರಿ ಮಾತಾಡಿಕೊಳ್ಳುವುದನ್ನು ಕೇಳಿ ಅವನಿಗೆ ನಿಜ ಗೊತ್ತಾಯಿತು. ಬೆಳಗಾದ ಮೇಲೆ ಮನೆಗೆ ಬಂದು ಆ ಕಥೆ, ಆ ಹಾಡು ಯಾವುದೆಂದು ಕೇಳಿದ. ಅಷ್ಟರಲ್ಲಿ ಆಕೆಗೆ ಎರಡೂ ಮರೆತುಹೋಗಿದ್ದವು.

ಇದು ಕನ್ನಡ ನಾಡಿನದೇ ಜನಪದ ಕಥೆ. ಮೈಸೂರಿನವರಾದ ಎ. ಕೆ. ರಾಮಾನುಜನ್ ಅವರು ಇದನ್ನು ತಮ್ಮ ಸಂಗ್ರಹದಲ್ಲಿ ಸೇರಿಸಿಕೊಂಡಿದ್ದರು. ಅವರು 1993ರಲ್ಲಿ ತೀರಿಕೊಂಡ ಮೇಲೆ, 1997ರಲ್ಲಿ, ಆ ಸಂಗ್ರಹ ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ಪ್ರಿಯ ಓದುಗರೇ, ಈ ಕಥೆ ನನ್ನನ್ನು ಚುಚ್ಚುತ್ತದೆ. ನಲವತ್ತು ದಾಟಿದ ಮೇಲೆ, ಕೆಲಸದ ನಡುವೆಯೇ, ನಾನು ಜಾನಪದದ ಭಾನುವಾರದ ತರಗತಿಗೆ ಸೇರಿದೆ. ಬೆಳಗಿನ ಬಲಿಪೂಜೆ ಮುಗಿಸಿ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ. ಹತ್ತು ಹಾಡುಗಳನ್ನು ಸಂಗ್ರಹಿಸಿ ಬರೆಯಬೇಕೆಂಬ ನಿಯಮವಿತ್ತು. ಟೇಪ್ ರೆಕಾರ್ಡರ್ ಹಿಡಿದು ಎರಡು ಬಸ್ಸು ಬದಲಿಸಿ ದೂರದ ಹಳ್ಳಿಗೆ ಹೋದೆ. ಮನೆಯಲ್ಲಿ ನನ್ನ ತಾಯಿ ಇದ್ದರು. ರಾಗಿ ಬೀಸುವಾಗ ಅವರು ಸಂತ ಅಂತೋಣಿಯವರ ಮೇಲೆ ಉದ್ದನೆಯ ಪದವೊಂದನ್ನು ಹಾಡುತ್ತಿದ್ದುದನ್ನು ನಾನು ತೊಟ್ಟಿಲಿನಿಂದಲೂ ಕೇಳಿದ್ದೆ. “ನಂದೂ ಬರ್ಕೊಳ್ತೀಯಾ?” ಎಂದು ಅವರೇ ಒಮ್ಮೆ ಕೇಳಿದರು. “ಪರೀಕ್ಷೆ ಮುಗಿಯಲಿ ಅಮ್ಮ” ಎಂದೆ. ಪರೀಕ್ಷೆಗೆ ಮೊದಲೇ, ತಪಸ್ಸುಕಾಲದಲ್ಲಿ, ಅಮ್ಮ ಪ್ರಭುವಿನ ಪಾದ ಸೇರಿದರು. ನನ್ನ ಪ್ರಮಾಣಪತ್ರ ಇಂದು ಗೋಡೆಯ ಮೇಲಿದೆ. ಅಮ್ಮನ ಪದದಲ್ಲಿ ನನಗೆ ಉಳಿದಿರುವುದು ಮೊದಲ ಎರಡು ಸಾಲು ಮಾತ್ರ.

ಈ ತಪ್ಪು ನಿಮ್ಮಿಂದ ಆಗಬಾರದೆಂದು ಈ ಪಾಠವನ್ನು ಬರೆಯುತ್ತಿದ್ದೇನೆ.

ನೆನಪು ಒಂದು ಕರ್ತವ್ಯ

ಇಸ್ರಯೇಲರು ಜೋರ್ಡನ್ ನದಿಯನ್ನು ದಾಟಿದಾಗ ನದಿಯ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ಎತ್ತಿ ತಂದು ನಿಲ್ಲಿಸಿದರು. ಮುಂದೆ ಮಕ್ಕಳು ಈ ಕಲ್ಲುಗಳೇನೆಂದು ಕೇಳಿದಾಗ ಹಿರಿಯರು ನಡೆದದ್ದನ್ನು ಹೇಳಬೇಕಿತ್ತು (ಯೆಹೋಶುವ 4). ಕಲ್ಲು ನಿಂತರೆ ಸಾಲದು. ಕೇಳುವ ಮಗುವೂ ಹೇಳುವ ಹಿರಿಯರೂ ಬೇಕು.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯನ್ನು ನೋಡಿ. ಫ್ರೆಂಚ್ ಮಿಷನರಿಗಳು 19ನೆಯ ಶತಮಾನದಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ ಇಂದು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಪಾಳುಬಿದ್ದು ನಿಂತಿದೆ. ಚಿತ್ರ ತೆಗೆಯಲು ದೂರದಿಂದ ಜನ ಬರುತ್ತಾರೆ. ಆದರೆ ಹಬ್ಬದ ದಿನ ತೇರು ಯಾವ ಬೀದಿಯಲ್ಲಿ ಹೋಗುತ್ತಿತ್ತು, ಮದುವೆಯಲ್ಲಿ ಯಾವ ಹಾಡು ಹೇಳುತ್ತಿದ್ದರು ಎಂಬುದನ್ನು ಗೋಡೆ ಹೇಳುವುದಿಲ್ಲ. ಊರು ಬಿಟ್ಟು ಹೋದ ಮನೆತನಗಳ ಹಿರಿಯರನ್ನೇ ಕೇಳಬೇಕು.

ಸಂತ ಲೂಕರು ತಮ್ಮ ಶುಭಸಂದೇಶದ ಆರಂಭದಲ್ಲಿ, ಕಣ್ಣಾರೆ ಕಂಡವರಿಂದ ಬಂದದ್ದನ್ನು ಮೊದಲಿನಿಂದ ಚೆನ್ನಾಗಿ ವಿಚಾರಿಸಿ ಕ್ರಮವಾಗಿ ಬರೆದೆನೆಂದು ತಿಳಿಸುತ್ತಾರೆ (ಲೂಕ 1:1-4). ಕೇಳುವುದು, ವಿಚಾರಿಸುವುದು, ಕ್ರಮವಾಗಿ ಬರೆಯುವುದು. ಜಾನಪದ ಕಲಿಯುವವನ ಕೆಲಸವೂ ಈ ಮೂರೇ. ಹಿರಿಯರು ಸಮುದಾಯದ ನೆನಪಿನ ಕಾವಲುಗಾರರೆಂಬ ಮಾತು ಸಂತ ಎರಡನೇ ಜಾನ್ ಪಾಲ್ ಅವರು 1999ರಲ್ಲಿ ವೃದ್ಧರಿಗೆ ಬರೆದ ಪತ್ರದಲ್ಲಿದೆ. 2021ರಿಂದ ಧರ್ಮಸಭೆ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ವೃದ್ಧರ ದಿನವಾಗಿ ಆಚರಿಸುತ್ತಿದೆ.

ಈ ವಯಸ್ಸಿನಲ್ಲಿ ಓದೇ?

ಹಾಗೆ ಕೇಳುವವರು ಇದ್ದೇ ಇರುತ್ತಾರೆ. ವಿಜಯಪುರ ಜಿಲ್ಲೆಯ ಹಲಸಂಗಿ ಎಂಬ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ಬಂದ ‘ಗರತಿಯ ಹಾಡು’ ಅದರ ಫಲ. ಅವರ ಹಿಂದೆ ಯಾವ ವಿಶ್ವವಿದ್ಯಾಲಯವೂ ಇರಲಿಲ್ಲ. ಸರ್ಕಾರಿ ಅಧಿಕಾರಿಯಾಗಿದ್ದ ಎಚ್. ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತನ್ನು 1979ರಲ್ಲಿ, ತಮ್ಮ ಅರವತ್ತು ದಾಟಿದ ವಯಸ್ಸಿನಲ್ಲಿ ಸ್ಥಾಪಿಸಿದರು. ರಾಮನಗರದ ಬಳಿಯ ಜಾನಪದ ಲೋಕ 1994ರಲ್ಲಿ ಆರಂಭವಾದಾಗ ಅವರು ಎಂಬತ್ತರ ಹತ್ತಿರದಲ್ಲಿದ್ದರು.

ಇಂದು ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ 2011ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವಿದೆ. ಕೆಲಸ ಬಿಡದೆ ಕಲಿಯಬಯಸುವವರು ಯಾವ ಸಂಸ್ಥೆಯಲ್ಲಿ ಬಿಡುವಿನ ವೇಳೆಯ ತರಗತಿ ಅಥವಾ ದೂರಶಿಕ್ಷಣ ಇದೆ ಎಂದು ಆಯಾ ವರ್ಷದ ಪ್ರಕಟಣೆ ನೋಡಿ ಸೇರಬಹುದು. ತರಗತಿಯಿಂದ ಪ್ರಯೋಜನವಿದೆ. ಹೇಗೆ ಕೇಳಬೇಕು, ಹೇಗೆ ಬರೆಯಬೇಕು, ಒಂದೇ ಕಥೆ ಊರಿಂದ ಊರಿಗೆ ಏಕೆ ಬದಲಾಗುತ್ತದೆ ಎಂಬುದನ್ನು ಅಲ್ಲಿ ಕಲಿಯುತ್ತೇವೆ. ಆದರೆ ಪ್ರವೇಶಪತ್ರ ಬರುವವರೆಗೆ ಕಾಯಬೇಡಿ. ಮೊದಲ ಪಾಠ ಮನೆಯಲ್ಲೇ ಇದೆ.

ಆರಂಭಿಸುವುದು ಹೇಗೆ?

1. ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿ. ಪ್ರಶ್ನೆಪತ್ರಿಕೆ ಹಿಡಿದು ಹೋಗಬೇಡಿ. ‘ನಿಮಗೆ ಗೊತ್ತಿರುವ ಜನಪದ ಗೀತೆ ಹಾಡಿ’ ಎಂದರೆ ಯಾರಿಗೂ ನೆನಪಾಗುವುದಿಲ್ಲ. ಅವರೆಕಾಯಿ ಸುಲಿಯುತ್ತಾ, ಹಳೆಯ ಮದುವೆಯ ಮಾತೆತ್ತಿ ನೋಡಿ. ಸೋಬಾನೆ ತಾನಾಗಿ ಬರುತ್ತದೆ.

2. ಕೇಳಿದ್ದನ್ನು ಕೇಳಿದಂತೆಯೇ ಬರೆಯಿರಿ. ವ್ಯಾಕರಣ ತಿದ್ದಬೇಡಿ. ‘ಮಾತೆ ಮರಿಯ’ ಎನ್ನುವ ಕಡೆ ಅಜ್ಜಿ ‘ಮರಿಯವ್ವ’ ಎಂದರೆ ಮರಿಯವ್ವ ಎಂದೇ ಬರೆಯಿರಿ. ಹಾಡಿದವರ ಹೆಸರು, ವಯಸ್ಸು, ಊರು, ಯಾರಿಂದ ಕಲಿತರು, ಯಾವ ಸಂದರ್ಭದಲ್ಲಿ ಹಾಡುತ್ತಿದ್ದರು, ನೀವು ಕೇಳಿದ ದಿನಾಂಕ, ಇಷ್ಟನ್ನೂ ಕೆಳಗೆ ಗುರುತಿಸಿ. ಕೈಯಲ್ಲಿ ಮೊಬೈಲ್ ಇದ್ದರೆ ಒಪ್ಪಿಗೆ ಪಡೆದು ಧ್ವನಿಯನ್ನೂ ಉಳಿಸಿಕೊಳ್ಳಿ.

3. ಧರ್ಮಕೇಂದ್ರದ ರಿಜಿಸ್ಟರುಗಳನ್ನು ನೋಡಿ. ಜ್ಞಾನಸ್ನಾನ, ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲೇ ವಿಧಿಸಿತು. ಹಳೆಯ ಪುಟಗಳು ಲ್ಯಾಟಿನ್ ಭಾಷೆಯಲ್ಲಿರುತ್ತವೆ. ಹೆದರಬೇಕಾಗಿಲ್ಲ; ಕೆಲವೇ ಪದಗಳು ಮತ್ತೆ ಮತ್ತೆ ಬರುತ್ತವೆ. ‘ನಾತುಸ್’ ಎಂದರೆ ಹುಟ್ಟಿದವನು, ‘ಪಾತ್ರಿನುಸ್’ ಎಂದರೆ ಜ್ಞಾನಪಿತ, ‘ಸೆಪುಲ್ತುಸ್’ ಎಂದರೆ ಸಮಾಧಿಯಾದವನು. ಪುಟದಲ್ಲಿ ಪೌಲುಸ್ ಎಂದಿರುವವರು ಮನೆಯಲ್ಲಿ ಚಿನ್ನಪ್ಪ ಆಗಿರಬಹುದು. ಪೇತ್ರುಸ್ ರಾಯಪ್ಪನಾಗಿ, ಇಗ್ನಾತಿಯುಸ್ ಇನ್ನಾಸಪ್ಪನಾಗಿ ಬಾಳಿರಬಹುದು. ಈ ಹೆಸರುಗಳು ತಮಿಳು ಕ್ರೈಸ್ತರ ರೂಢಿಯ ಮೂಲಕ ನಮ್ಮ ಹಳ್ಳಿಗಳಿಗೆ ಬಂದವು. ಒಂದು ಹೆಸರಿನೊಳಗೇ ಒಂದು ಚರಿತ್ರೆ! ಆದರೆ ಈ ಪುಸ್ತಕಗಳು ಮನೆತನಗಳ ಗುಟ್ಟನ್ನೂ ಹೊತ್ತಿವೆ. ವಿಚಾರಣಾ ಗುರುಗಳ ಅನುಮತಿಯಿಲ್ಲದೆ ಮುಟ್ಟಬೇಡಿ. ಒಬ್ಬರ ಮರ್ಯಾದೆಗೆ ಕುಂದು ತರುವುದನ್ನು ಹೊರಗೆ ಆಡಬೇಡಿ.

4. ಗಂಟೆ, ಶಿಲುಬೆಕಲ್ಲು, ಸಮಾಧಿಕಲ್ಲುಗಳನ್ನು ಓದಿ. ಸವೆದ ಅಕ್ಷರಗಳು ನಡು ಮಧ್ಯಾಹ್ನ ಕಾಣುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೆರಳು ಬಿದ್ದು ಎದ್ದು ಕಾಣುತ್ತವೆ. ಕಲ್ಲನ್ನು ಉಜ್ಜುವುದು, ಸುಣ್ಣ ಬಣ್ಣ ಬಳಿಯುವುದು ಬೇಡ.

ಎರಡು ಎಚ್ಚರಿಕೆಗಳು

ಇವೆಲ್ಲ ಅಜ್ಞಾನದ ಹಾಡುಗಳು, ಗುಡಿಯೊಳಗೆ ಹಾಡುವಂಥವಲ್ಲ ಎಂದು ನಮ್ಮ ಎಷ್ಟೋ ಅಜ್ಜಿಯರು ನಾಚಿ ಬಾಯಿ ಮುಚ್ಚಿಕೊಂಡರು. ಹಾಗೆ ನಾಚಿಸಿದವರಲ್ಲಿ ಓದು ಬಲ್ಲ ನಾವೂ ಇದ್ದೇವೆ. ಮನುಷ್ಯನು ಸಂಸ್ಕೃತಿಯ ಮೂಲಕವೇ ಪೂರ್ಣ ಮನುಷ್ಯನಾಗುತ್ತಾನೆ ಎಂಬುದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕೊಟ್ಟ ಬೋಧನೆ. ಬೀಸುವ ಕಲ್ಲಿನ ಮುಂದೆ ಹಾಡಿದ ಪದವೂ ಒಬ್ಬ ತಾಯಿಯ ಪ್ರಾರ್ಥನೆಯೇ. ಪಲ್ಲಕ್ಕಿ ಹೊತ್ತ ನೆರೆಯವನು ಬೇರೆ ಧರ್ಮದವನಾಗಿದ್ದರೆ ಅದನ್ನೂ ಬರೆಯಿರಿ. ಅದು ನಮ್ಮ ಊರಿನ ಸತ್ಯ.

ಇನ್ನೊಂದು ಎಚ್ಚರಿಕೆ, ಐತಿಹ್ಯ ಬೇರೆ, ದಾಖಲೆ ಬೇರೆ. ಡೋರನಹಳ್ಳಿಯಲ್ಲಿ ರೈತನೊಬ್ಬ ಹೊಲ ಉಳುವಾಗ ಮರದ ವಿಗ್ರಹ ಸಿಕ್ಕಿತು, ಅದು ಸಂತ ಅಂತೋಣಿಯವರದೆಂದು ಬಳಿಕ ತಿಳಿಯಿತು ಎಂದು ಭಕ್ತರು ತಲೆಮಾರುಗಳಿಂದ ಹೇಳುತ್ತಾ ಬಂದಿದ್ದಾರೆ. ವಿದ್ಯಾರ್ಥಿಯಾದವನು ಇದನ್ನು ಗೇಲಿ ಮಾಡಬಾರದು. ದಾಖಲೆಯೆಂದು ಸಾಧಿಸಲೂ ಬಾರದು. ‘ಹೀಗೆ ಹೇಳುತ್ತಾರೆ’ ಎಂದು ಬರೆದು, ಯಾರು ಹೇಳಿದರೆಂದು ಗುರುತಿಸಿದರೆ ಸಾಕು. ಎಲ್ಲ ಮತದವರೂ ಅಲ್ಲಿಗೆ ಹರಕೆ ಹೊತ್ತು ಬರುವುದೇಕೆಂದು ಅರಿಯಲು ನೇಗಿಲಿನ ಕಥೆಯೇ ನೆರವಾಗುತ್ತದೆ.

ಕುಟುಂಬದಲ್ಲಿ ಚರ್ಚಿಸಲು

• ನಮ್ಮ ಮನೆಯಲ್ಲಿ ಅತಿ ಹಿರಿಯರು ಯಾರು? ಅವರಿಗೆ ಮಾತ್ರ ಗೊತ್ತಿರುವ ಹಾಡು, ಕಥೆ, ಹರಕೆ ಯಾವುದು?
• ನಮ್ಮ ಮನೆತನ ಈ ಊರಿಗೆ ಎಲ್ಲಿಂದ ಬಂತು? ಇದನ್ನು ಮಕ್ಕಳಿಗೆ ಹೇಳಿದ್ದೇವೆಯೇ?
• ‘ಆಮೇಲೆ ಕೇಳೋಣ’ ಎಂದು ನಾವು ಮುಂದೂಡಿರುವುದು ಏನು?

ಈ ವಾರದ ಅಭ್ಯಾಸ: ಸಂಜೆಯ ಜಪಸರ ಮುಗಿದ ಮೇಲೆ ಟಿ.ವಿ. ಹಾಕುವ ಮೊದಲು ಹದಿನೈದು ನಿಮಿಷ ಹಿರಿಯರ ಬಳಿ ಕುಳಿತು ಒಂದೇ ಒಂದು ಹಾಡನ್ನೋ ಕಥೆಯನ್ನೋ ಪೂರ್ತಿಯಾಗಿ ಬರೆದುಕೊಳ್ಳಿ. ಎರಡು ಸಾಲಿಗೆ ನಿಲ್ಲಿಸಬೇಡಿ.

ಪ್ರಾರ್ಥನೆ: ನಮ್ಮ ಪೂರ್ವಜರ ದೇವರೇ, ನೀವು ನಮ್ಮ ಹಿರಿಯರ ಬಾಯಲ್ಲಿ ಇಟ್ಟಿರುವ ಮಾತನ್ನು ಕೇಳಲು ನಮಗೆ ಕಿವಿ ಕೊಡಿ, ಬಿಡುವು ಕೊಡಿ. ಕೇಳದೆ ಕಳೆದುಕೊಂಡದ್ದಕ್ಕಾಗಿ ನಮ್ಮನ್ನು ಕ್ಷಮಿಸಿ. ಉಳಿದದ್ದನ್ನು ನಮ್ಮ ಮಕ್ಕಳ ಕೈಗೆ ಮುಟ್ಟಿಸುವ ಭಾಗ್ಯ ನೀಡಿ. ಆಮೆನ್.